ಉದ್ಯಮಬಾಗದ ಕ್ಯಾಲಿಬ್ರೇಶನ್ ಲ್ಯಾಬ್: ಅಳತೆಯ ಜೊತೆಗೆ ಅದರ ಸ್ಥಿತಿಯನ್ನೂ ಬರೆದುಕೊಡುವ ಸೇವೆ

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಭಾಗಗಳಲ್ಲಿ ಎರಕ, ಮಶೀನಿಂಗ್ ಮತ್ತು ಹೈಡ್ರಾಲಿಕ್ ಬಿಡಿಭಾಗಗಳ ಕೆಲಸ ಮಾಡುವ ಸಣ್ಣ ಕಾರ್ಖಾನೆಗಳಿಗೆ ವರ್ಷಕ್ಕೊಮ್ಮೆಯಾದರೂ ಬೇಕಾಗುವ ಸೇವೆಯೆಂದರೆ ಅಳತೆಯ ಉಪಕರಣಗಳ ಕ್ಯಾಲಿಬ್ರೇಶನ್. ಮೈಕ್ರೋಮೀಟರ್, ವರ್ನಿಯರ್, ಬೋರ್ ಗೇಜ್, ಪ್ರೆಶರ್ ಗೇಜ್, ಕುಲುಮೆಯ ಥರ್ಮೋಕಪಲ್, ಗ್ಯಾಸ್ ಫ್ಲೋಮೀಟರ್ ಇವೆಲ್ಲ ಸರಿಯಾಗಿ ತೋರಿಸುತ್ತಿವೆಯೇ ಎಂಬುದನ್ನು ಮೇಲ್ಮಟ್ಟದ ಉಪಕರಣದೊಂದಿಗೆ ಹೋಲಿಸಿ, ವ್ಯತ್ಯಾಸವೆಷ್ಟು ಎಂಬುದನ್ನು ಲಿಖಿತವಾಗಿ ತಿಳಿಸುವುದು ಈ ಸೇವೆಯ ತಿರುಳು. ಪುಣೆ, ಕೊಲ್ಹಾಪುರ, ಬೆಂಗಳೂರಿನ ಗ್ರಾಹಕರು ಈ ಪ್ರಮಾಣಪತ್ರವಿಲ್ಲದೆ ಮಾಲು ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಬಹಳ ಮಂದಿ ಇದನ್ನು ಆಡಿಟ್‌ಗೆ ಬೇಕಾದ ಕಾಗದವೆಂದಷ್ಟೇ ತಿಳಿದು, ಯಾರು ಕಡಿಮೆ ದರಕ್ಕೆ ಬೇಗ ಕೊಡುತ್ತಾರೋ ಅವರ ಬಳಿ ಹೋಗುತ್ತಾರೆ. ಒಂದು ಮಶೀನ್ ಶಾಪ್‌ನ ಗುಣಮಟ್ಟ ವಿಭಾಗವನ್ನು ನೋಡಿಕೊಳ್ಳುವ ನಾನು ಉದ್ಯಮಬಾಗದ ಒಂದು ಲ್ಯಾಬಿನ ಸೇವೆಯನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಆಕ್ಷೇಪಗಳನ್ನು ಅವರಿಗೇ ನೇರವಾಗಿ ತಿಳಿಸಿರುವುದರಿಂದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಟ್ಟಾರೆ ನನ್ನ ಅಭಿಪ್ರಾಯ ಒಳ್ಳೆಯದೇ ಆಗಿದೆ. ಈ ಲ್ಯಾಬಿನವರು ಪ್ರತಿ ಅಳತೆಯನ್ನೂ ಯಾವ ತಾಪಮಾನದಲ್ಲಿ, ಯಾವ ಒತ್ತಡದಲ್ಲಿ ತೆಗೆದುಕೊಂಡರೆಂದು ಬರೆಯುತ್ತಾರೆ, ಮತ್ತು ಆ ಸ್ಥಿತಿ ಬರುವ ತನಕ ಅಳತೆಯನ್ನೇ ಶುರುಮಾಡುವುದಿಲ್ಲ. ಇದೇ ನನ್ನ ಮೆಚ್ಚುಗೆಗೆ ಮುಖ್ಯ ಕಾರಣ.

ಉದ್ದದ ಅಳತೆಯ ಕೋಣೆಯಿಂದ ಆರಂಭಿಸುತ್ತೇನೆ, ಏಕೆಂದರೆ ಈ ಲ್ಯಾಬಿನ ಅತ್ಯುತ್ತಮ ಭಾಗ ಅದು. ಎರಡು ಬಾಗಿಲು ದಾಟಿ ಒಳಗೆ ಹೋಗಬೇಕು. ಮೊದಲನೆಯದು ಮುಚ್ಚಿದ ಮೇಲೆಯೇ ಎರಡನೆಯದನ್ನು ತೆರೆಯುತ್ತಾರೆ. ಒಳಗೆ ವರ್ಷವಿಡೀ 20 ಡಿಗ್ರಿ ಸೆಲ್ಸಿಯಸ್, ಆಚೀಚೆ ಒಂದು ಡಿಗ್ರಿ. ಏಪ್ರಿಲ್ ತಿಂಗಳಲ್ಲಿ ನಮ್ಮ ಶಾಪ್ ಫ್ಲೋರ್ 35 ಡಿಗ್ರಿ ದಾಟಿರುವಾಗ ಗೇಜ್‌ಗಳ ಪೆಟ್ಟಿಗೆಯನ್ನು ತಂದು ಕೌಂಟರ್ ಮೇಲಿಟ್ಟರೆ ಯಾರೂ ಕೂಡಲೇ ಕೆಲಸಕ್ಕೆ ಕೈಹಾಕುವುದಿಲ್ಲ. ಗೇಜ್‌ಗಳನ್ನು ಒರೆಸಿ, ಕೋಣೆಯೊಳಗಿನ ದಪ್ಪ ಗ್ರಾನೈಟ್ ಮೇಜಿನ ಮೇಲೆ ಹರಡಿ, ಮರುದಿನದ ತನಕ ಹಾಗೆಯೇ ಬಿಡುತ್ತಾರೆ. ಅವಸರ ಮಾಡುವವರಿಗೆ ಅಲ್ಲಿನ ಹಿರಿಯ ತಂತ್ರಜ್ಞರು ಸಮಾಧಾನದಿಂದಲೇ ಹೇಳುತ್ತಾರೆ: "ಸಾಹೇಬ್ರ, ಇವತ್ತ ಬಿಟ್ಟ ಹೋಗ್ರಿ. ಇದರ ಬಿಸಿ ಪೂರಾ ಇಳೀಲಿಕ್ಕ ಬೇಕ್ರಿ, ಆಮ್ಯಾಲೆ ನೋಡೋಣಂತ." ಇದನ್ನು ವಿಳಂಬವೆಂದು ದೂರುವವರನ್ನು ನಾನು ಕಂಡಿದ್ದೇನೆ. ನನ್ನ ದೃಷ್ಟಿಯಲ್ಲಿ ನಾವು ಕೊಡುವ ಹಣದ ದೊಡ್ಡ ಪಾಲು ಸಲ್ಲಬೇಕಾದದ್ದು ಈ ಕಾಯುವಿಕೆಗೇ.

ಇದರ ಹಿಂದಿನ ಲೆಕ್ಕ ಕಷ್ಟದ್ದಲ್ಲ. ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11.5 ಭಾಗ ಹಿಗ್ಗುತ್ತದೆ. 100 ಮಿಲಿಮೀಟರ್ ಉದ್ದದ ಉಕ್ಕಿನ ತುಂಡು 20 ಡಿಗ್ರಿಯಿಂದ 35 ಡಿಗ್ರಿಗೆ ಹೋದರೆ ಸುಮಾರು 17 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ಉದ್ದವಾಗುತ್ತದೆ. ಅಲ್ಯೂಮಿನಿಯಂ ಅದರ ಎರಡು ಪಟ್ಟು, ಅಂದರೆ ಸುಮಾರು 34 ಮೈಕ್ರಾನ್ ಹಿಗ್ಗುತ್ತದೆ. ಉಕ್ಕಿನ ತುಂಡನ್ನು ಅಷ್ಟೇ ಬಿಸಿಯಾಗಿರುವ ಉಕ್ಕಿನ ಮೈಕ್ರೋಮೀಟರಿನಿಂದ ಅಳೆದರೆ ಎರಡೂ ಒಟ್ಟಿಗೆ ಹಿಗ್ಗಿರುವುದರಿಂದ ತಪ್ಪು ಬಹುಮಟ್ಟಿಗೆ ಕಳೆದುಹೋಗುತ್ತದೆ. ನಮ್ಮ ಊರಿನ ಶಾಪ್‌ಗಳು ಏರ್‌ಕಂಡೀಷನರ್ ಇಲ್ಲದೆಯೂ ಇಷ್ಟು ವರ್ಷ ಒಳ್ಳೆಯ ಕೆಲಸ ಮಾಡಿಕೊಂಡು ಬಂದಿರುವುದಕ್ಕೆ ಇದೂ ಒಂದು ಕಾರಣ. ಆದರೆ ಅಲ್ಯೂಮಿನಿಯಂ ಭಾಗವನ್ನು ಉಕ್ಕಿನ ಗೇಜ್‌ನಿಂದ ಅಳೆದಾಗ, ಅಥವಾ ಗ್ರೈಂಡಿಂಗ್ ಮಶೀನಿನಿಂದ ಆಗಷ್ಟೇ ಇಳಿಸಿದ ಬಿಸಿ ತುಂಡನ್ನು ತಣ್ಣಗಿರುವ ಗೇಜ್‌ನಿಂದ ಅಳೆದಾಗ ಈ ರಕ್ಷಣೆ ಉಳಿಯುವುದಿಲ್ಲ. ಹೈಡ್ರಾಲಿಕ್ ವಾಲ್ವ್‌ನ ಸ್ಪೂಲ್ (ಒಳಗೆ ಜಾರುವ ದಂಡ) ಮತ್ತು ಅದು ಕೂರುವ ರಂಧ್ರವಾದ ಬೋರ್ ನಡುವಿನ ಅಂತರ ಕೆಲವೇ ಮೈಕ್ರಾನ್ ಇರುತ್ತದೆ. 20 ಮಿಲಿಮೀಟರ್ ವ್ಯಾಸದ ಸ್ಪೂಲ್ ತನ್ನ ಬೋರ್‌ಗಿಂತ ಹತ್ತು ಡಿಗ್ರಿ ಬಿಸಿಯಿದ್ದರೆ ಅದರ ವ್ಯಾಸ ಎರಡು ಮೈಕ್ರಾನ್‌ಗೂ ಮೀರಿ ಹೆಚ್ಚುತ್ತದೆ. ಎಂಟು ಮೈಕ್ರಾನ್ ಅಂತರ ಬಿಡಬೇಕಾದ ಜಾಗದಲ್ಲಿ ಇದು ಕಾಲು ಭಾಗಕ್ಕಿಂತ ಹೆಚ್ಚು. ಬಿಸಿಯಲ್ಲಿ ಅಳೆದು ಸರಿಯಿದೆಯೆಂದು ಜೋಡಿಸಿದ ವಾಲ್ವ್ ತಣ್ಣಗಾದ ಮೇಲೆ ಎಣ್ಣೆ ಸೋರುತ್ತದೆ. ಗ್ರಾಹಕರು ಮಾಲನ್ನು ಹಿಂದಿರುಗಿಸುತ್ತಾರೆ. ಮತ್ತೆ ಅಳೆದಾಗ ಅಳತೆ ಬೇರೆಯೇ ಬರುತ್ತದೆ.

20 ಡಿಗ್ರಿಯೇ ಏಕೆ ಎಂಬ ಪ್ರಶ್ನೆಗೆ ಪ್ರಕೃತಿಯಲ್ಲಿ ಉತ್ತರವಿಲ್ಲ. ಅದು ಮನುಷ್ಯರು ಕೂಡಿ ಮಾಡಿಕೊಂಡ ಒಪ್ಪಂದ. 1889ರ ಅಂತರರಾಷ್ಟ್ರೀಯ ಮೀಟರ್ ದಂಡದ ಉದ್ದವನ್ನು ಕರಗುವ ಮಂಜುಗಡ್ಡೆಯ ತಾಪಮಾನದಲ್ಲಿ, ಅಂದರೆ ಸೊನ್ನೆ ಡಿಗ್ರಿಯಲ್ಲಿ ಹೇಳಲಾಗಿತ್ತು. ಬ್ರಿಟಿಷರ ಗಜಕ್ಕೆ 62 ಡಿಗ್ರಿ ಫ್ಯಾರನ್‌ಹೀಟ್ ಆಧಾರವಾಗಿತ್ತು. ಸೊನ್ನೆ ಡಿಗ್ರಿಯಲ್ಲಿ ಯಾವ ಕಾರ್ಖಾನೆಯೂ ಕೆಲಸ ಮಾಡುವುದಿಲ್ಲವಾದ್ದರಿಂದ ಒಂದೊಂದು ದೇಶ, ಕೆಲವೊಮ್ಮೆ ಒಂದೊಂದು ಉದ್ಯಮ, ತನಗೆ ಅನುಕೂಲವಾದ ತಾಪಮಾನ ಹಿಡಿದುಕೊಂಡಿತ್ತು, ಮತ್ತು ಒಂದು ಕಡೆಯ ಗೇಜ್ ಇನ್ನೊಂದು ಕಡೆಯ ಭಾಗಕ್ಕೆ ಹೊಂದುತ್ತಿರಲಿಲ್ಲ. 1931ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮಿತಿಯು ಕೈಗಾರಿಕಾ ಅಳತೆಗೆ 20 ಡಿಗ್ರಿಯನ್ನು ಒಪ್ಪಿತು. ಅದು 68 ಡಿಗ್ರಿ ಫ್ಯಾರನ್‌ಹೀಟ್‌ಗೆ ಸರಿಸಮ, ಎರಡೂ ಮಾಪಕಗಳಲ್ಲಿ ಪೂರ್ಣಸಂಖ್ಯೆ, ಮತ್ತು ಮನುಷ್ಯರು ಕುಳಿತು ಕೆಲಸ ಮಾಡಬಲ್ಲ ತಾಪಮಾನ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1951ರಲ್ಲಿ ಹೊರಡಿಸಿದ ಮೊಟ್ಟಮೊದಲ ಶಿಫಾರಸು ಇದರ ಕುರಿತೇ ಆಗಿತ್ತು. ಅದಕ್ಕೆ ಇಂದಿಗೂ ಐಎಸ್‌ಒ 1 ಎಂಬ ಸಂಖ್ಯೆಯಿದೆ. ಯಂತ್ರಭಾಗದ ಡ್ರಾಯಿಂಗ್ ಮೇಲೆ ತಾಪಮಾನ ಬರೆಯದೆ ಇದ್ದರೆ ಆ ಅಳತೆ 20 ಡಿಗ್ರಿಯದ್ದೆಂದೇ ಅರ್ಥ. ಬೆಳಗಾವಿಯಲ್ಲಿ ತಯಾರಾದ ಭಾಗ ಜರ್ಮನಿಯ ಯಂತ್ರದಲ್ಲಿ ಕುಳಿತುಕೊಳ್ಳುವುದು ಈ ಒಪ್ಪಂದವನ್ನು ಎರಡೂ ಕಡೆಯವರು ಪಾಲಿಸಿದಾಗ ಮಾತ್ರ.

ವಿಜಯಪುರ, ಬಾಗಲಕೋಟೆ ಕಡೆಯ ಕಾರ್ಖಾನೆಗಳೂ ತಮ್ಮ ಗೇಜ್‌ಗಳನ್ನು ಬಸ್ ಪಾರ್ಸೆಲ್ ಮೂಲಕ ಈ ಲ್ಯಾಬಿಗೆ ಕಳುಹಿಸುತ್ತವೆ. ಬೇಸಿಗೆಯಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. 42 ಡಿಗ್ರಿಯಲ್ಲಿರುವ ಒಂದು ಮೀಟರ್ ಉದ್ದದ ಉಕ್ಕಿನ ದಂಡ 20 ಡಿಗ್ರಿಯಲ್ಲಿದ್ದುದಕ್ಕಿಂತ ಸುಮಾರು ಕಾಲು ಮಿಲಿಮೀಟರ್ ಉದ್ದವಾಗಿರುತ್ತದೆ. ಅಂಥ ಪಾರ್ಸೆಲ್ ಬಂದ ದಿನವೇ ಪ್ರಮಾಣಪತ್ರ ಬರೆದುಕೊಡುವ ಲ್ಯಾಬ್ ಏನನ್ನು ಅಳೆದಿರುತ್ತದೆ ಎಂಬುದನ್ನು ದಯವಿಟ್ಟು ಒಮ್ಮೆ ಯೋಚಿಸಬೇಕು.

ಒತ್ತಡದ ವಿಭಾಗ ಚಿಕ್ಕದು, ಆದರೆ ಅಲ್ಲಿಯೂ ಇದೇ ಎಚ್ಚರವಿದೆ. ಗೋಡೆಯ ಮೇಲೆ ಒಂದು ಡಿಜಿಟಲ್ ಬ್ಯಾರೋಮೀಟರ್ ಇದೆ. ಪ್ರತಿ ಕೆಲಸದ ಹಾಳೆಯಲ್ಲೂ ಅದರ ಆ ಹೊತ್ತಿನ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಸಮುದ್ರಮಟ್ಟದ ಪ್ರಮಾಣಿತ ವಾಯುಮಂಡಲದ ಒತ್ತಡ 1013.25 ಹೆಕ್ಟೋಪಾಸ್ಕಲ್. ಈ ಬೆಲೆಯನ್ನು 1954ರಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನ ನಿಗದಿಪಡಿಸಿತು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ನಿಜವಾದ ಒತ್ತಡ ಸುಮಾರು 925 ಹೆಕ್ಟೋಪಾಸ್ಕಲ್ ಆಸುಪಾಸಿನಲ್ಲಿರುತ್ತದೆ. ಮೊಬೈಲಿನ ಹವಾಮಾನ ಆ್ಯಪ್ ನೋಡಿ 1010 ಎಂದು ವಾದಿಸುವವರಿದ್ದಾರೆ. ಹವಾಮಾನ ವರದಿಯ ಅಂಕಿಯನ್ನು ಬೇರೆ ಬೇರೆ ಊರುಗಳ ಹೋಲಿಕೆಗಾಗಿ ಸಮುದ್ರಮಟ್ಟಕ್ಕೆ ಪರಿವರ್ತಿಸಿ ಕೊಡುತ್ತಾರೆ, ಅದು ನಮ್ಮ ಅಂಗಳದ ಒತ್ತಡವಲ್ಲ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ವ್ಯಾಕ್ಯೂಮ್ ಗೇಜ್‌ಗಳ ವಿಷಯದಲ್ಲಿ ದೊಡ್ಡ ಗೊಂದಲವಾಗುತ್ತದೆ. ಆಚೆಯ ಗಾಳಿಗಿಂತ ಒಳಗಿನ ಒತ್ತಡ ಎಷ್ಟು ಕಡಿಮೆ ಎಂಬುದನ್ನು ತೋರಿಸುವ ಈ ಗೇಜಿನ ಡಯಲ್ 760 ಮಿಲಿಮೀಟರ್ ಪಾದರಸದವರೆಗೆ ಗುರುತು ಹೊಂದಿರುತ್ತದೆ, ಆದರೆ ಬೆಳಗಾವಿಯಲ್ಲಿ ಪಂಪ್ ಎಷ್ಟೇ ಒಳ್ಳೆಯದಿದ್ದರೂ ಮುಳ್ಳು ಸುಮಾರು 695ರ ಹತ್ತಿರ ನಿಲ್ಲುತ್ತದೆ. ಆಚೆ ಇರುವ ಗಾಳಿಯ ಒತ್ತಡವೇ ಅಷ್ಟಿರುವಾಗ ಅದಕ್ಕಿಂತ ಹೆಚ್ಚಾಗಿ ಒತ್ತಡವನ್ನು ಇಳಿಸಲು ಸಾಧ್ಯವಿಲ್ಲ. ಇದು ತಿಳಿಯದೆ, ಸರಿಯಾಗಿ ಕೆಲಸ ಮಾಡುತ್ತಿದ್ದ ಪಂಪ್‌ಗಳನ್ನು ಬಿಚ್ಚಿ ಸೀಲ್ ಬದಲಿಸಿದ ಕಾರ್ಖಾನೆಗಳು ನಮ್ಮ ಸುತ್ತಲೇ ಇವೆ. ಈ ಲ್ಯಾಬಿನವರು ವ್ಯಾಕ್ಯೂಮ್ ಗೇಜ್‌ಗೆ ಕೊಡುವ ಪ್ರಮಾಣಪತ್ರದಲ್ಲಿ ಅಂದಿನ ವಾಯುಮಂಡಲದ ಒತ್ತಡವನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯುತ್ತಾರೆ. ಈ ಒಂದು ಸಾಲಿನ ಬೆಲೆ ಬಹಳ.

ಹೆಚ್ಚಿನ ಒತ್ತಡದ ಗೇಜ್‌ಗಳಿಗೆ ಅವರು ಡೆಡ್ ವೇಟ್ ಟೆಸ್ಟರ್ ಬಳಸುತ್ತಾರೆ. ತಿಳಿದ ತೂಕದ ಬಿಲ್ಲೆಗಳನ್ನು ತಿಳಿದ ವಿಸ್ತೀರ್ಣದ ಪಿಸ್ಟನ್ ಮೇಲೆ ಇಟ್ಟು ಒತ್ತಡವನ್ನು ಉಂಟುಮಾಡುವ ಉಪಕರಣವಿದು. ಇದರಲ್ಲಿ ಗುರುತ್ವವೂ ಲೆಕ್ಕಕ್ಕೆ ಬರುತ್ತದೆ. ಪ್ರಮಾಣಿತ ಗುರುತ್ವವೇಗೋತ್ಕರ್ಷ 9.80665, ಬೆಳಗಾವಿಯ ಅಕ್ಷಾಂಶ ಮತ್ತು ಎತ್ತರಕ್ಕೆ ಅದು ಸುಮಾರು 9.78 ಮಾತ್ರ. ಬಿಲ್ಲೆಗಳ ಮೇಲೆ ಪ್ರಮಾಣಿತ ಗುರುತ್ವಕ್ಕೆ ಹೊಂದುವಂತೆ ಕೆತ್ತಿದ ಬಾರ್ (ಒತ್ತಡದ ಏಕಮಾನ) ಅಂಕಿಯನ್ನು ಹಾಗೆಯೇ ನಂಬಿದರೆ ಸುಮಾರು ಶೇಕಡ 0.25ರಷ್ಟು ತಪ್ಪು ಸೇರಿಕೊಳ್ಳುತ್ತದೆ. ಸಾಮಾನ್ಯ ಗೇಜ್‌ಗೆ ಅದು ಲೆಕ್ಕಕ್ಕಿಲ್ಲ, ಆದರೆ ಶೇಕಡ 0.25ರ ನಿಖರತೆಯ ಟೆಸ್ಟ್ ಗೇಜ್‌ಗೆ ಅದೇ ಇಡೀ ಮಿತಿ. ಲ್ಯಾಬಿನ ಲೆಕ್ಕದ ಹಾಳೆಯಲ್ಲಿ ಸ್ಥಳೀಯ ಗುರುತ್ವದ ತಿದ್ದುಪಡಿ ಇರುವುದನ್ನು ಕೇಳಿ ನೋಡಿದ್ದೇನೆ. ಅವರು ಸಂಕೋಚವಿಲ್ಲದೆ ತೋರಿಸಿದರು.

ತಾಪಮಾನದ ವಿಭಾಗದಲ್ಲಿ ಹೇಳಬೇಕಾದ್ದು ಒಂದೇ ಸಂಗತಿ. ಥರ್ಮಾಮೀಟರ್ ಸರಿಯಿದೆಯೇ ಎಂದು ನೋಡಲು ಕುದಿಯುವ ನೀರಿನಲ್ಲಿ ಅದ್ದಿ 100 ತೋರಿಸುತ್ತದೆಯೇ ಎಂದು ಪರೀಕ್ಷಿಸುವ ರೂಢಿ ಡೇರಿ, ಬೇಕರಿ, ಬಣ್ಣದ ಘಟಕಗಳಲ್ಲಿ ಇನ್ನೂ ಇದೆ. 925 ಹೆಕ್ಟೋಪಾಸ್ಕಲ್ ಒತ್ತಡದಲ್ಲಿ ನೀರು ಸುಮಾರು 97.5 ಡಿಗ್ರಿಗೇ ಕುದಿಯುತ್ತದೆ; ಬಾಗಲಕೋಟೆ, ವಿಜಯಪುರಗಳಲ್ಲಿ 98ರ ಆಸುಪಾಸಿನಲ್ಲಿ. ಹೀಗಾಗಿ ಬೆಳಗಾವಿಯಲ್ಲಿ ಕುದಿನೀರಿಗೆ 100 ತೋರಿಸುವ ಥರ್ಮಾಮೀಟರೇ ಕೆಟ್ಟದ್ದು. ಕರಗುವ ಮಂಜುಗಡ್ಡೆಯ ಬಿಂದು ಒತ್ತಡಕ್ಕೆ ಹೆಚ್ಚು ಬಗ್ಗುವುದಿಲ್ಲ, ಆದ್ದರಿಂದ ಲ್ಯಾಬಿನವರು ಮೊದಲ ಪರೀಕ್ಷೆಗೆ ಅದನ್ನೇ ಬಳಸುತ್ತಾರೆ, ಉಳಿದ ಬಿಂದುಗಳಿಗೆ ಎಣ್ಣೆಯ ಬಾತ್ ಮತ್ತು ಪ್ಲ್ಯಾಟಿನಂ ರೆಸಿಸ್ಟೆನ್ಸ್ ಥರ್ಮಾಮೀಟರ್ ಇವೆ.

ಇನ್ನು ಆಕ್ಷೇಪದ ಮಾತು. ನನಗೆ ಅಸಮಾಧಾನವಾಗಿರುವುದು ಗ್ಯಾಸ್ ಫ್ಲೋಮೀಟರ್ ವಿಭಾಗದಲ್ಲಿ, ಮತ್ತು ಪ್ರಮಾಣಿತ ತಾಪಮಾನ ಹಾಗೂ ಒತ್ತಡದ ಅಗತ್ಯ ಎಲ್ಲಕ್ಕಿಂತ ತೀವ್ರವಾಗಿ ಕಾಣುವುದೂ ಅಲ್ಲಿಯೇ. ಉಕ್ಕು ಒಂದು ಡಿಗ್ರಿಗೆ ಲಕ್ಷದಲ್ಲಿ ಒಂದು ಭಾಗದಷ್ಟು ಹಿಗ್ಗಿದರೆ, ಅನಿಲ ಕೋಣೆಯ ತಾಪಮಾನದಲ್ಲಿ ಒಂದು ಡಿಗ್ರಿಗೆ ಸುಮಾರು ಮುನ್ನೂರರಲ್ಲಿ ಒಂದು ಭಾಗ ಹಿಗ್ಗುತ್ತದೆ. ಒತ್ತಡ ಕಡಿಮೆಯಾದಂತೆಯೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಬಾಯ್ಲ್ 1662ರಲ್ಲಿ ಒತ್ತಡದ ಸಂಬಂಧವನ್ನು ಪ್ರಕಟಿಸಿದಾಗಿನಿಂದ ಇದು ತಿಳಿದ ವಿಷಯ. ಆದ್ದರಿಂದ "ಒಂದು ಘನಮೀಟರ್ ನೈಟ್ರೋಜನ್" ಎಂದಷ್ಟೇ ಹೇಳಿದರೆ ಎಷ್ಟು ನೈಟ್ರೋಜನ್ ಎಂದು ಯಾರಿಗೂ ತಿಳಿಯುವುದಿಲ್ಲ. ಸೊನ್ನೆ ಡಿಗ್ರಿ ಮತ್ತು ಸಮುದ್ರಮಟ್ಟದ ವಾಯುಮಂಡಲದ ಒತ್ತಡದಲ್ಲಿ ಒಂದು ಘನಮೀಟರ್ ಇರುವ ಅನಿಲವನ್ನು ಬೆಳಗಾವಿಯ 35 ಡಿಗ್ರಿ ಬಿಸಿಲಿಗೆ ತಂದರೆ ಅದು ಸುಮಾರು 1.24 ಘನಮೀಟರ್ ಜಾಗ ತುಂಬುತ್ತದೆ. ಒಂದು ಅಣುವೂ ಹೆಚ್ಚಾಗದೆ ಶೇಕಡ 24ರಷ್ಟು ಹೆಚ್ಚಿದಂತೆ ಕಾಣುತ್ತದೆ. ಇದಕ್ಕಾಗಿಯೇ ಗ್ಯಾಸ್ ಮಾರುವವರು ಮತ್ತು ಕೊಳ್ಳುವವರು ಒಂದು ನಿಗದಿತ ತಾಪಮಾನಕ್ಕೆ, ನಿಗದಿತ ಒತ್ತಡಕ್ಕೆ ತಂದು ಲೆಕ್ಕ ಹಾಕುತ್ತಾರೆ.

ತೊಂದರೆಯೆಂದರೆ ಆ ನಿಗದಿತ ಸ್ಥಿತಿ ಒಂದೇ ಆಗಿಲ್ಲ. ಪಿಯುಸಿ ಓದಿದವರೆಲ್ಲ ಬಲ್ಲ 22.4 ಲೀಟರ್ ಎಂಬುದು ಸೊನ್ನೆ ಡಿಗ್ರಿ ಮತ್ತು 101.325 ಕಿಲೋಪಾಸ್ಕಲ್‌ನಲ್ಲಿ ಒಂದು ಮೋಲ್ ಆದರ್ಶ ಅನಿಲದ ಗಾತ್ರ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ 1982ರಲ್ಲಿ ಪ್ರಮಾಣಿತ ಒತ್ತಡವನ್ನು 100 ಕಿಲೋಪಾಸ್ಕಲ್‌ಗೆ, ಅಂದರೆ ಸರಿಯಾಗಿ ಒಂದು ಬಾರ್‌ಗೆ ಬದಲಿಸಿತು. ಆ ಸ್ಥಿತಿಯಲ್ಲಿ ಮೋಲ್‌ನ ಗಾತ್ರ 22.7 ಲೀಟರ್. 20 ಡಿಗ್ರಿ ಮತ್ತು ಒಂದು ವಾಯುಮಂಡಲ ಒತ್ತಡವನ್ನು ಆಧಾರವಾಗಿ ಹಿಡಿಯುವವರಿಗೆ ಅದು ಸುಮಾರು 24 ಲೀಟರ್. ನಮ್ಮ ದೇಶದಲ್ಲಿ ಪೈಪಿನ ನೈಸರ್ಗಿಕ ಅನಿಲದ ಸ್ಟ್ಯಾಂಡರ್ಡ್ ಘನಮೀಟರ್ 15 ಡಿಗ್ರಿಯದು. ಆಕ್ಸಿಜನ್ ಸಿಲಿಂಡರಿನ ಕಾರ್ಯಒತ್ತಡವನ್ನೂ ಗ್ಯಾಸ್ ಸಿಲಿಂಡರ್ ನಿಯಮಗಳು 15 ಡಿಗ್ರಿಗೇ ಹೇಳುತ್ತವೆ. ಆ ತಾಪಮಾನದಲ್ಲಿ 150 ಬಾರ್ ಇರುವ ಸಿಲಿಂಡರ್ 40 ಡಿಗ್ರಿಯ ಶೆಡ್ಡಿನಲ್ಲಿ 163 ಬಾರ್‌ನಷ್ಟು ತೋರಿಸುತ್ತದೆ, ಹೆಚ್ಚು ಗ್ಯಾಸ್ ತುಂಬಿದ್ದಾರೆಂದು ಸಂತೋಷಪಡುವಂತಿಲ್ಲ. ಗಾಳಿಯ ಕಂಪ್ರೆಸರ್‌ಗಳ ಪರೀಕ್ಷೆಗೆ 20 ಡಿಗ್ರಿ, ಒಂದು ಬಾರ್ ಮತ್ತು ಒಣಗಾಳಿ ಆಧಾರ. ಕಂಪ್ರೆಸರ್ ಎಲ್ಲಿಟ್ಟರೂ ಒಂದು ಸುತ್ತಿಗೆ ಎಳೆದುಕೊಳ್ಳುವ ಗಾಳಿಯ ಗಾತ್ರ ಹೆಚ್ಚೂಕಡಿಮೆ ಅಷ್ಟೇ. ಆದರೆ ಬೆಳಗಾವಿಯ 35 ಡಿಗ್ರಿ ಬಿಸಿಯಲ್ಲಿ ಆ ಗಾತ್ರದೊಳಗಿನ ಗಾಳಿಯ ದ್ರವ್ಯರಾಶಿ ಆಧಾರ ಸ್ಥಿತಿಗಿಂತ ಸುಮಾರು ಶೇಕಡ 12ರಷ್ಟು ಕಡಿಮೆ. ಪುಸ್ತಿಕೆಯಲ್ಲಿನ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ನೋಡಿ ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಕಂಪ್ರೆಸರ್ ಕೊಂಡವರಿಗೆ ಗಾಳಿ ಸಾಲದೆ ಹೋಗುವುದಕ್ಕೆ ಇದೂ ಒಂದು ಕಾರಣ.

ನಮ್ಮ ಹೀಟ್ ಟ್ರೀಟ್‌ಮೆಂಟ್ ಕುಲುಮೆಗೆ ಹೋಗುವ ನೈಟ್ರೋಜನ್ ಫ್ಲೋಮೀಟರಿಗೆ ಲ್ಯಾಬ್ ಕೊಟ್ಟ ಪ್ರಮಾಣಪತ್ರದಲ್ಲಿ "ಸ್ಟ್ಯಾಂಡರ್ಡ್ ಲೀಟರ್ ಪ್ರತಿ ನಿಮಿಷ" ಎಂಬ ಏಕಮಾನವಿತ್ತು, ಆದರೆ ಯಾವ ತಾಪಮಾನ, ಯಾವ ಒತ್ತಡದ ಲೀಟರ್ ಎಂಬುದು ಇರಲಿಲ್ಲ. ಅಳೆಯುವ ಹೊತ್ತಿನ ಕೋಣೆಯ ಸ್ಥಿತಿ ಇತ್ತು. ಲೆಕ್ಕದ ಆಧಾರಸ್ಥಿತಿ ಇರಲಿಲ್ಲ. ಇವೆರಡೂ ಬೇರೆ ಬೇರೆ, ಎರಡೂ ಬೇಕು. ಅದೇ ಸಮಯದಲ್ಲಿ ಗ್ಯಾಸ್ ಪೂರೈಕೆದಾರರ ಬಿಲ್ಲು ನಮ್ಮ ಮೀಟರಿಗಿಂತ ಶೇಕಡ ಐದರಷ್ಟು ಹೆಚ್ಚಿಗೆ ಬರುತ್ತಿತ್ತು. ಪೈಪಿನಲ್ಲಿ ಸೋರಿಕೆಯಿದೆಯೆಂದು ಒಬ್ಬರು, ಬಿಲ್ಲಿನಲ್ಲಿ ಮೋಸವಿದೆಯೆಂದು ಮತ್ತೊಬ್ಬರು ಹೇಳುತ್ತಿದ್ದರು. ಮೀಟರ್ ತಯಾರಕರಿಗೆ ಬರೆದು ಕೇಳಿದಾಗ ಅದರ ಆಧಾರ ಸೊನ್ನೆ ಡಿಗ್ರಿ ಎಂದು ಗೊತ್ತಾಯಿತು. ಪೂರೈಕೆದಾರರ ಬಿಲ್ಲು 15 ಡಿಗ್ರಿಯ ಘನಮೀಟರಿನದು. ಈ ಎರಡರ ನಡುವಿನ ವ್ಯತ್ಯಾಸವೇ ಶೇಕಡ 5.5. ಸೋರಿಕೆಯೂ ಇರಲಿಲ್ಲ, ಮೋಸವೂ ಇರಲಿಲ್ಲ. ಪ್ರಮಾಣಪತ್ರದಲ್ಲಿ ಆ ಒಂದು ಸಾಲು ಇದ್ದಿದ್ದರೆ ಆ ಜಗಳವೇ ಹುಟ್ಟುತ್ತಿರಲಿಲ್ಲ. ಉದ್ದ ಮತ್ತು ಒತ್ತಡದ ವಿಭಾಗಗಳಲ್ಲಿ ಅಷ್ಟು ಶಿಸ್ತಿರುವ ಲ್ಯಾಬಿನಲ್ಲಿ ಇಂಥ ಕೊರತೆ ಇದ್ದುದು ನನಗೆ ನಿಜವಾಗಿಯೂ ಬೇಸರ ತಂದಿತು. ತಿಳಿಸಿದ ಮೇಲೆ ತಿದ್ದಿದ ಪ್ರಮಾಣಪತ್ರವನ್ನು ಶುಲ್ಕವಿಲ್ಲದೆ ಕೊಟ್ಟರು. ಆದರೆ ಅವರ ಮುದ್ರಿತ ನಮೂನೆಯಲ್ಲಿ ಆಧಾರಸ್ಥಿತಿಗೆ ಇನ್ನೂ ಪ್ರತ್ಯೇಕ ಅಂಕಣವಿಲ್ಲ. ಕೇಳಿದವರಿಗೆ ಮಾತ್ರ ಷರಾ ಭಾಗದಲ್ಲಿ ಬರೆದುಕೊಡುತ್ತಾರೆ.

ನಮ್ಮ ಭಾಗದ ಬೇರೆ ಉದ್ಯಮಗಳವರೂ ಈ ಲ್ಯಾಬಿಗೆ ಬರುವುದರಿಂದ ಅವರ ಸಲುವಾಗಿ ಕೆಲವು ಮಾತು. ಸಕ್ಕರೆ ಕಾರ್ಖಾನೆಗಳ ಬ್ರಿಕ್ಸ್ (ದ್ರಾವಣದಲ್ಲಿ ಸಕ್ಕರೆ ಶೇಕಡ ಎಷ್ಟು ಎಂಬ ಅಳತೆ) ಹೈಡ್ರೋಮೀಟರ್ ಮೇಲೆ ನಮ್ಮಲ್ಲಿ ಸಾಮಾನ್ಯವಾಗಿ 27.5 ಡಿಗ್ರಿ ಎಂದು ಕೆತ್ತಿರುತ್ತದೆ, ಅಂತರರಾಷ್ಟ್ರೀಯ ಸಕ್ಕರೆ ವಿಶ್ಲೇಷಣೆಯ ಆಧಾರ 20 ಡಿಗ್ರಿ. 35 ಡಿಗ್ರಿಯ ಕಬ್ಬಿನ ಹಾಲಿಗೆ ತಿದ್ದುಪಡಿ ಹಾಕದೆ ಓದಿದರೆ ಸುಮಾರು ಅರ್ಧ ಬ್ರಿಕ್ಸ್ ಕಡಿಮೆ ಕಾಣುತ್ತದೆ. ಸಾವಿರಾರು ಟನ್ ಕಬ್ಬು ಅರೆಯುವ ಮುಧೋಳ, ಜಮಖಂಡಿ, ಗೋಕಾಕ ಸೀಮೆಯಲ್ಲಿ ಅರ್ಧ ಬ್ರಿಕ್ಸ್ ಚಿಕ್ಕ ಮಾತಲ್ಲ. ಸಿಮೆಂಟ್ ಪರೀಕ್ಷೆಗೆ ಭಾರತೀಯ ಮಾನಕ 27 ಡಿಗ್ರಿಯನ್ನು ಹೇಳುತ್ತದೆ. ಬಟ್ಟೆ ಮತ್ತು ನೂಲಿನ ಪರೀಕ್ಷೆಗೆ 27 ಡಿಗ್ರಿಯ ಜೊತೆಗೆ ಶೇಕಡ 65ರ ತೇವಾಂಶವೂ ಇರಬೇಕು, ಏಕೆಂದರೆ ಹತ್ತಿ ಗಾಳಿಯ ತೇವವನ್ನು ಹೀರಿ ತೂಕವನ್ನೂ ಗಟ್ಟಿತನವನ್ನೂ ಬದಲಿಸಿಕೊಳ್ಳುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸಾಂದ್ರತೆಯನ್ನು 15 ಡಿಗ್ರಿಗೆ ಪರಿವರ್ತಿಸಿ ಬರೆದಿರುತ್ತಾರೆ. ಗ್ರಾಹಕರು ಕೇಳಿದರೆ ಹೈಡ್ರೋಮೀಟರ್ ಮತ್ತು ಥರ್ಮಾಮೀಟರ್ ಇಟ್ಟು ಅಲ್ಲಿಯೇ ತೋರಿಸಬೇಕು. ದಾಖಲಾದ ಸಾಂದ್ರತೆಗೂ ಪರೀಕ್ಷೆಯದಕ್ಕೂ ಘನಮೀಟರಿಗೆ 3 ಕಿಲೋಗ್ರಾಂಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಹೀಗೆ ಒಂದೊಂದು ಉದ್ಯಮಕ್ಕೆ ಒಂದೊಂದು ಆಧಾರವಿರುವಾಗ, ಲ್ಯಾಬಿನ ಸಿಬ್ಬಂದಿ ಉಪಕರಣ ತೆಗೆದುಕೊಳ್ಳುವಾಗಲೇ "ಇದು ಯಾವ ಕೆಲಸಕ್ಕೆ, ಯಾವ ಡಿಗ್ರಿಗೆ ಬೇಕು" ಎಂದು ಕೇಳುವುದು ಒಳ್ಳೆಯ ಪದ್ಧತಿ. ಕೌಂಟರಿನಲ್ಲಿರುವ ಹುಡುಗಿ ಬಿಡದೆ ಕೇಳುತ್ತಾಳೆ. ಆಕೆ ರಜೆಯಲ್ಲಿರುವ ದಿನ ಯಾರೂ ಕೇಳುವುದಿಲ್ಲ.

ಲ್ಯಾಬಿಗೆ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ/ಐಇಸಿ 17025ರ ಪ್ರಕಾರ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯಿದೆ. ಅವರ ಮೂಲ ಉಪಕರಣಗಳ ಹೋಲಿಕೆಯ ಸರಪಳಿ ಹೊಸದಿಲ್ಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದವರೆಗೆ ಹೋಗುತ್ತದೆ. ಪ್ರಮಾಣಪತ್ರದಲ್ಲಿ ಪ್ರತಿ ಫಲಿತಾಂಶದ ಮುಂದೆ ಅನಿಶ್ಚಿತತೆಯ ಅಂಕಿ (ಅಳತೆ ಎಷ್ಟರ ಮಟ್ಟಿಗೆ ಆಚೀಚೆ ಇರಬಹುದೆಂಬುದು), ಅದು ಶೇಕಡ 95ರ ವಿಶ್ವಾಸಮಟ್ಟದ್ದೆಂಬ ವಿವರಣೆ, ಅಳತೆಯ ವೇಳೆಯ ತಾಪಮಾನ ಮತ್ತು ತೇವಾಂಶ ಇರುತ್ತವೆ. ಆದರೆ ಮಾನ್ಯತೆ ಇಡೀ ಲ್ಯಾಬಿಗಿರುವುದಿಲ್ಲ. ಯಾವ ಉಪಕರಣ, ಯಾವ ವ್ಯಾಪ್ತಿ ಎಂಬ ಪಟ್ಟಿಗಷ್ಟೇ ಇರುತ್ತದೆ. ಆ ಪಟ್ಟಿಯನ್ನು ಮೊದಲು ನೋಡಿಕೊಂಡು ಉಪಕರಣ ಕೊಡುವುದು ಕ್ಷೇಮ. ಮಳೆಗಾಲದಲ್ಲಿ ಬೆಳಗಾವಿಯ ತೇವ ಹೆಚ್ಚಿ ಸ್ಲಿಪ್ ಗೇಜ್‌ಗಳಿಗೆ (ನಿಖರ ಉದ್ದದ ಉಕ್ಕಿನ ತುಂಡುಗಳಿಗೆ) ತುಕ್ಕು ಹಿಡಿಯುವ ಭಯವಿರುತ್ತದೆ. ಇಲ್ಲಿ ಡಿಹ್ಯೂಮಿಡಿಫೈಯರ್ ಇದೆ, ಕೊಟ್ಟ ಗೇಜ್‌ಗಳು ಎಣ್ಣೆ ಸವರಿ, ಕಾಗದ ಸುತ್ತಿ ಹಿಂದಿರುಗುತ್ತವೆ. ಕರೆಂಟ್ ಹೋದಾಗ ಜನರೇಟರ್ ಮೇಲೆ ಎಸಿ ನಡೆಯುತ್ತದೆ. ಅಷ್ಟರೊಳಗೆ ಕೋಣೆಯ ತಾಪಮಾನ ಮಿತಿ ಮೀರಿದರೆ ಅಂದಿನ ಅಳತೆಗಳನ್ನು ರದ್ದುಮಾಡಿ ಮತ್ತೆ ತೆಗೆದುಕೊಳ್ಳುತ್ತಾರೆ, ಲಾಗರಿನ ಗ್ರಾಫ್ ಕೇಳಿದರೆ ಕೊಡುತ್ತಾರೆ.

ಕೊರತೆಗಳು ಇನ್ನೂ ಇವೆ. ಮಾರ್ಚ್ ತಿಂಗಳಲ್ಲಿ ಎಲ್ಲರೂ ಆಡಿಟ್‌ಗೆ ಮುಂಚೆ ಉಪಕರಣ ತರುವುದರಿಂದ ಎರಡು ದಿನದ ಕೆಲಸ ಎರಡು ವಾರಕ್ಕೆ ಹೋಗುತ್ತದೆ, ಮತ್ತು ಅದನ್ನು ಮುಂಚಿತವಾಗಿ ತಿಳಿಸುವುದಿಲ್ಲ. ಪ್ರಮಾಣಪತ್ರ ಇಂಗ್ಲಿಷಿನಲ್ಲಿ ಮಾತ್ರ ಸಿಗುತ್ತದೆ. ಅದನ್ನು ನಿಜವಾಗಿ ಬಳಸಬೇಕಾದ ಶಾಪ್‌ನ ಹುಡುಗರಿಗೆ ತಿದ್ದುಪಡಿ ಹೇಗೆ ಹಾಕಬೇಕೆಂಬ ಅರ್ಧ ಪುಟದ ಕನ್ನಡ ಸೂಚನೆ ಜೊತೆಗಿದ್ದರೆ ಬಹಳ ಉಪಕಾರವಾಗುತ್ತದೆ. ಕಾರ್ಖಾನೆಗೇ ಬಂದು ಮಾಡಿಕೊಡುವ ಕ್ಯಾಲಿಬ್ರೇಶನ್ ಸೇವೆಯೂ ಅವರಲ್ಲಿದೆ. ಪ್ರೆಶರ್ ಗೇಜ್, ಕುಲುಮೆ, ತಕ್ಕಡಿಗಳಿಗೆ ಅದು ಸರಿ, ಏಕೆಂದರೆ ತಕ್ಕಡಿಯನ್ನು ಅದು ಬಳಕೆಯಾಗುವ ಜಾಗದಲ್ಲೇ ಪರೀಕ್ಷಿಸಬೇಕು. ಆದರೆ ಮೈಕ್ರೋಮೀಟರ್, ಪ್ಲಗ್ ಗೇಜ್‌ಗಳನ್ನು 34 ಡಿಗ್ರಿಯ ಶೆಡ್ಡಿನಲ್ಲಿ ಕುಳಿತು ಪರೀಕ್ಷಿಸಿದಾಗ ಅನಿಶ್ಚಿತತೆ ದೊಡ್ಡದಾಗುತ್ತದೆ, ಅದನ್ನು ಅವರು ಪ್ರಾಮಾಣಿಕವಾಗಿ ಬರೆದರೂ ಗ್ರಾಹಕರು ಓದುವುದಿಲ್ಲ. ಉದ್ದದ ಉಪಕರಣಗಳಿಗೆ ಈ ಸೌಲಭ್ಯವನ್ನು ನಾನು ಶಿಫಾರಸು ಮಾಡಲಾರೆ.

ದರ ಊರಿನ ಇತರರಿಗಿಂತ ಸ್ವಲ್ಪ ಹೆಚ್ಚು. ಮೈಕ್ರಾನ್‌ಗಳ ಲೆಕ್ಕದಲ್ಲಿ ಕೆಲಸ ಮಾಡುವವರಿಗೆ, ವಿಮಾನದ ಬಿಡಿಭಾಗಗಳಿಗೆ ಅಲ್ಯೂಮಿನಿಯಂ ಮಶೀನಿಂಗ್ ಮಾಡುವವರಿಗೆ, ವ್ಯಾಕ್ಯೂಮ್ ಉಪಕರಣ ಬಳಸುವವರಿಗೆ ಈ ಹೆಚ್ಚುವರಿ ಹಣ ಕೊಡುವುದು ಸಾರ್ಥಕವೆಂದು ಧೈರ್ಯವಾಗಿ ಹೇಳುತ್ತೇನೆ. ಫ್ಯಾಬ್ರಿಕೇಶನ್ ಶಾಪ್‌ನ ಟೇಪ್ ಮತ್ತು ಸಾಮಾನ್ಯ ವರ್ನಿಯರ್‌ಗಳಿಗೆ ಇಷ್ಟು ಬೇಕಾಗಿಲ್ಲ. ಉಪಕರಣ ಕಳುಹಿಸುವವರು ಪೆಟ್ಟಿಗೆಯೊಂದಿಗಿನ ಚೀಟಿಯಲ್ಲಿ ಉಪಕರಣದ ಬಳಕೆ, ಬೇಕಾದ ಅಳತೆಬಿಂದುಗಳು ಮತ್ತು ಆಧಾರ ತಾಪಮಾನವನ್ನು ಸ್ಪಷ್ಟವಾಗಿ ಬರೆಯಬೇಕು. ಗ್ಯಾಸ್ ಫ್ಲೋಮೀಟರ್ ಆಗಿದ್ದರೆ ಅದರ ತಯಾರಕರ ಆಧಾರ ತಾಪಮಾನ ಮತ್ತು ಆಧಾರ ಒತ್ತಡ ಎರಡನ್ನೂ ಬರೆದು, ಅವೇ ಅಂಕಿಗಳು ಪ್ರಮಾಣಪತ್ರದಲ್ಲಿ ಬಂದಿವೆಯೇ ಎಂದು ಕೌಂಟರಿನಲ್ಲಿಯೇ ನೋಡಿ, ಬಾರದಿದ್ದರೆ ಸಹಿ ಹಾಕಿ ಪಡೆಯುವ ಮೊದಲೇ ಬರೆಸಿಕೊಳ್ಳಬೇಕು. ಪೂರೈಕೆದಾರರ ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಆಧಾರಸ್ಥಿತಿಯನ್ನೂ ಅದರೊಂದಿಗೆ ಹೋಲಿಸಿ ಇಟ್ಟುಕೊಂಡರೆ ವರ್ಷದ ಕೊನೆಯಲ್ಲಿ ಗ್ಯಾಸಿನ ಲೆಕ್ಕ ಹೊಂದಿಸುವುದು ಸುಲಭವಾಗುತ್ತದೆ.